ತಣ್ಣನೆಯ ಬಿಲ್ಲೆ

ಸ್ಟೆತಾಸ್ಕೋಪಿನ ತುದಿಯಲ್ಲಿರುವ ಲೋಹದ ಬಿಲ್ಲೆ ಎಷ್ಟು ತಣ್ಣಗಿರುತ್ತದೆಂಬುದು ಅದನ್ನು ಕೊರಳಿಗೆ ಹಾಕಿಕೊಂಡು ಮೆರೆಯುವವರಿಗೆ ಗೊತ್ತಿರುವುದಿಲ್ಲ. ಎದೆಗೆ ಒತ್ತಿಸಿಕೊಂಡವರನ್ನು ಕೇಳಬೇಕು. ನಾನಂತೂ ಅದನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡದೆ ಯಾರ ಮೈಗೂ ತಾಗಿಸುವುದಿಲ್ಲ. ಕಳೆದ ವಾರ, ಹೃದ್ರೋಗದ ಉನ್ನತ ವ್ಯಾಸಂಗಕ್ಕೆ ನಮ್ಮಲ್ಲಿರುವ ಡಾಕ್ಟರ್ ಕಿರಣ್, ಕೆ.ಆರ್. ಪುರದಿಂದ ಬಂದಿದ್ದ ಹೆಂಗಸೊಬ್ಬಳ ಎದೆಗೆ ಅದನ್ನು ಹಾಗೆಯೇ ಒತ್ತಿದಾಗ, ವಾರ್ಡಿಗೆ ವಾರ್ಡೇ ಬೆಚ್ಚಿಬೀಳುವಂತೆ ಕೂಗಾಡಿಬಿಟ್ಟೆ. ಈ ಮನುಷ್ಯನಿಗೆ ತಲೆ ಸರಿಯಿಲ್ಲವೆಂದುಕೊಂಡಿರಬೇಕು, ಪಾಪ. ಆ ಸಿಟ್ಟಿಗೆ ಹತ್ತು ವರ್ಷ ವಯಸ್ಸಾಗಿದೆಯೆಂದೂ, ಅದರ ಬಹುಪಾಲು ನನ್ನ ಮೇಲೆಯೇ ಎಂದೂ ಅವನಿಗೆ ಹೇಗೆ ತಿಳಿಯಬೇಕು?

ಆಗ ನಾನು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಆಸ್ಪತ್ರೆಯೊಂದರಲ್ಲಿ ಡಿ.ಎಂ. ಓದುತ್ತಿದ್ದೆ. ಎಂ.ಬಿ.ಬಿ.ಎಸ್., ಎಂ.ಡಿ.ಗಳನ್ನು ದಾಟಿದ ಮೇಲೂ ಮುಗಿಯದ ವಿದ್ಯಾರ್ಥಿದೆಸೆ. ಮನೆಯಲ್ಲಿ ಮಗಳು ಎಲ್‌ಕೆಜಿ, ಅಪ್ಪ ಡಿ.ಎಂ.; ಇಬ್ಬರಲ್ಲಿ ಪರೀಕ್ಷೆಗೆ ಹೆದರುತ್ತಿದ್ದವನು ನಾನೊಬ್ಬನೇ. ನಮ್ಮ ಪರೀಕ್ಷೆಗೆ ಕಾಗದಕ್ಕಿಂತ ಮನುಷ್ಯರು ಮುಖ್ಯ. ರೋಗಿಯನ್ನು ಮಲಗಿಸಿ, ಎದೆಯ ಸದ್ದು ಕೇಳಿ ಕಾಯಿಲೆ ಯಾವುದೆಂದು ಹೇಳಬೇಕು.

ಸೆಲ್ವಿ ಸಿಕ್ಕಿದ್ದು ಆಗಲೇ. ಹಲಸೂರಿನವಳು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರ ಮಹಡಿಯಲ್ಲಿ ಕೂತು ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಹೃದಯದ ಕವಾಟವೊಂದು ಕಿರಿದಾಗಿ, ಆ ಮಹಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ಕೂರುತ್ತಿದ್ದಳು. ಬಲೂನ್ ತೂರಿಸಿ ಕವಾಟವನ್ನು ಅಗಲಿಸಿದರೆ ಅವಳು ಮತ್ತೆ ನಿರಾಯಾಸವಾಗಿ ಉಸಿರಾಡಬಹುದಿತ್ತು, ಅದಕ್ಕೆ ತಾರೀಖೂ ನಿಗದಿಯಾಗಿತ್ತು. ಆದರೆ ಅವಳ ಎದೆಯೊಳಗಿನ ಗುಡುಗುಡು ಸದ್ದು, ನಾವು ಮರ್ಮರ್ ಎನ್ನುವುದು, ಪುಸ್ತಕದಲ್ಲಿ ಬರೆದಿಟ್ಟಷ್ಟು ಶುದ್ಧವಾಗಿತ್ತು. ಅದೇ ಅವಳ ದುರದೃಷ್ಟ.

"ಎಗ್ಸಾಮ್ ಮುಗೀಲಿ ಕಣಯ್ಯಾ," ಎಂದರು ನಮ್ಮ ವಿಭಾಗದ ಮುಖ್ಯಸ್ಥರು. "ಬಲೂನ್ ಹಾಕಿದ್ರೆ ಸದ್ದು ಹೋಗ್ಬಿಡುತ್ತೆ. ಇಂಥ ಕೇಸ್ ಮತ್ತೆಲ್ಲಿ ಸಿಗುತ್ತೆ?"

ಥೂ! ಆಗ ನನಗೇಕೆ ಬಾಯಿ ಬರಲಿಲ್ಲ? ಬರಲಿಲ್ಲವೆನ್ನುವುದೂ ಸುಳ್ಳೇ, ಬಂತು, ಅವಳ ಹತ್ತಿರ. "ಮಿಷನ್ ಕೆಟ್ಟಿದೆಯಮ್ಮ" ಎಂದು ಸಲೀಸಾಗಿ ಹೇಳಿ, ಮೂರು ವಾರ ಮುಂದಿನ ತಾರೀಖನ್ನು ನನ್ನ ಕೈಯಾರೆ ಅವಳ ಚೀಟಿಯಲ್ಲಿ ಬರೆದುಕೊಟ್ಟೆ. ಹೃದಯದ ಬಗ್ಗೆ ಅಷ್ಟೆಲ್ಲ ಓದಿದವನ ಹೃದಯ ಎಲ್ಲಿ ಹೋಗಿತ್ತೋ, ನೀವೇ ಹೇಳಿ.

ಪರೀಕ್ಷೆಯ ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಪರೀಕ್ಷಕರು, ವಿದ್ಯಾರ್ಥಿಗಳು ಸರದಿಯಲ್ಲಿ ಅವಳೆದೆಗೆ ಬಿಲ್ಲೆ ಒತ್ತಿದರು. ಪ್ರತಿ ಸಲವೂ ಅವಳು ಚಳಿಗೆ ಹಲ್ಲು ಕಚ್ಚುತ್ತಿದ್ದಳು. ನನ್ನ ಸರದಿ ಬಂದಾಗ ನಾನು ಬೆವರುತ್ತಾ ತಡಕಾಡುತ್ತಿದ್ದುದನ್ನು ಕಂಡು ಪಿಸುಗುಟ್ಟಿದಳು: "ಎಡಕ್ಕೆ ತಿರುಗ್ತೀನಿ ಸಾರ್, ಆವಾಗ ಚೆನ್ನಾಗಿ ಕೇಳ್ಸುತ್ತೆ." ಕೇಳಿಸಿತು. ಪಾಸಾದೆ.

ಆಮೇಲೆ ಬಲೂನ್ ಹಾಕಿದ್ದೂ ಆಯಿತು, ಸದ್ದು ಅಡಗಿದ್ದೂ ಆಯಿತು. ಮನೆಗೆ ಹೊರಟವಳಿಗೆ, ಇನ್ನು ಮೆಟ್ಟಿಲು ಓಡಿ ಹತ್ತಬಹುದು ಎಂದೆ, ದೊಡ್ಡ ದಾನಿಯ ಗತ್ತಿನಲ್ಲಿ.

"ಯಾವ ಮೆಟ್ಲು ಸಾರ್? ಹೋದ ವಾರಾನೇ ಅಂಗಡೀಲಿ ನನ್ನ ಜಾಗಕ್ಕೆ ಬೇರೆಯವ್ರನ್ನ ಇಟ್ಕೊಂಡ್ರು." ಸೆರಗು ಸರಿಮಾಡಿಕೊಂಡಳು. "ಮಿಷನ್ ಕೆಟ್ಟಿದೆ ಅಂದ್ರಲ್ಲ, ಅವತ್ತೇ ನಮ್ಮ ಬೀದಿ ಆಯಮ್ಮಂಗೆ ಅದೇ ಮಿಷನ್ನಲ್ಲಿ ಮಾಡಿದ್ರು. ಹೋಗ್ಲಿ ಬಿಡಿ, ನೀವು ಪಾಸಾದ್ರಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಪದವಿಪತ್ರ ಇಂದಿಗೂ ಗೋಡೆಯ ಮೇಲಿದೆ. ಅದರ ಕಡೆ ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಕೂಗಾಡಿದ ಮರುದಿನ ಕಿರಣ್ ನನಗೆ ಕಾಣುವಂತೆಯೇ ಬಿಲ್ಲೆ ಉಜ್ಜುತ್ತಾ ನಿಂತಿದ್ದ. ಪರವಾಗಿಲ್ಲವೇ ಎಂದು ನಾನು ಕರಗುವಷ್ಟರಲ್ಲಿ ಮೆಲ್ಲಗೆ ಹೇಳಿದ: "ಸಾರ್, ಕೆ.ಆರ್. ಪುರದ ಆಯಮ್ಮಂದು ಸೂಪರ್ ಮರ್ಮರ್. ಮುಂದಿನ ತಿಂಗಳು ನಮ್ಮ ಎಗ್ಸಾಮ್. ಬಲೂನ್ ಆಮೇಲೆ ಹಾಕಿದ್ರಾಗಲ್ವಾ?"

ಈ ಸಲ ಕೂಗಲಿಲ್ಲ. ಫೋನೆತ್ತಿ ಆಕೆಯ ಬಲೂನನ್ನು ಮರುದಿನ ಬೆಳಗ್ಗೆಗೇ ಗೊತ್ತುಮಾಡಿದೆ. ಕಿರಣ್ ಮುಖ ಸಣ್ಣಗಾಯಿತು. "ಎಗ್ಸಾಮ್‌ಗೆ ಕೇಸ್ ಸಾರ್?"

ನಾನು ಅಂಗಿಯ ಗುಂಡಿ ಬಿಚ್ಚಿ ಮಂಚದ ಮೇಲೆ ಮಲಗಿದೆ. "ಬಾರಪ್ಪ, ಇಲ್ಲೇನು ಸಿಗುತ್ತೋ ಕೇಳು. ಬಿಲ್ಲೆ ಮಾತ್ರ ತಣ್ಣೀರಲ್ಲಿ ತೊಳ್ಕೊಂಡು ಬಾ, ಬಿಸಿ ಮಾಡ್ಬೇಡ."

ತೊಳೆದು ತಂದು ಒತ್ತಿದ. ಅದು ಅಷ್ಟು ತಣ್ಣಗಿರುತ್ತದೆಂದು ನನಗೂ ಗೊತ್ತಿರಲಿಲ್ಲ.