ಅಳಿವೆಬಾಗಿಲಲ್ಲಿ ಬಿಟ್ಟ ಬಂದರುಗಳು

ಮೊನ್ನೆ ಮಂಗಳೂರಿನ ಬೋಳಾರದ ಹೊಳೆಬದಿಯಲ್ಲಿ ಯಾರೋ ದೋಣಿಯೊಂದನ್ನು ಮಗುಚಿ ಹಾಕಿ ಮೀನೆಣ್ಣೆ ಸವರುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದಾಗ ನಾನು ಪಕ್ಕದ ತೆಂಗಿನಮರವನ್ನು ಹಿಡಿದುಕೊಂಡೆ. ನೆಲ ಅಲುಗುತ್ತಿರಲಿಲ್ಲ; ನನಗೂ ಅದು ಗೊತ್ತಿತ್ತು. ಆದರೂ ಹಿಡಿದುಕೊಂಡೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಒಂದು ದಿನ ನಾನು ಕುಳಿತಿದ್ದ ದೋಣಿಗೂ ಹೊಸದಾಗಿ ಅದೇ ಎಣ್ಣೆ ಹಚ್ಚಿದ್ದರು...

ನಮ್ಮ ನೆರೆಮನೆಯವರು ಫೋಟೋ ತೆಗೆಯುವವರು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಕೇರಿಗೆಲ್ಲ ಅವರು ಫೋಟೋ ಮಾಮ. ಕಾಫಿ ವ್ಯಾಪಾರದ ಧಣಿಯೊಬ್ಬರು ಮೆಡಿಟರೇನಿಯನ್ ಸಮುದ್ರದ ಊರುಗಳನ್ನು ಹಡಗಿನಲ್ಲಿ ಸುತ್ತಿಬರಲು ಹೊರಟಾಗ, ಚಿತ್ರ ತೆಗೆಯಲೆಂದು ಇವರನ್ನು ಜತೆಗೆ ಕರೆದೊಯ್ದಿದ್ದರು. ಧಣಿಗೆ ಬೇಕಾದದ್ದು ಧಣಿಯ ಚಿತ್ರ. ಮಾಮ ಅದನ್ನು ಬೇಗ ಮುಗಿಸಿ ಬಂದರುಗಳ ಕಡೆ ಕ್ಯಾಮೆರಾ ತಿರುಗಿಸುತ್ತಿದ್ದರಂತೆ.

ಆಗ ನಾನು ಬೊಂಬಾಯಿಯಲ್ಲಿ ಕಾನೂನು ಓದುತ್ತಿದ್ದೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಸ್ಟೀಮರಿನಲ್ಲಿ ಊರಿಗೆ ಹೊರಟಾಗ, ಪ್ರವಾಸ ಮುಗಿಸಿ, ಧಣಿಯನ್ನು ಬೊಂಬಾಯಿಯಲ್ಲೇ ಬಿಟ್ಟು ಮರಳುತ್ತಿದ್ದ ಮಾಮ ಡೆಕ್ಕಿನ ಮೇಲೆ ಸಿಕ್ಕಿದರು. ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಊಟಕ್ಕೂ ಅದರಿಂದ ಏಳಲಿಲ್ಲ.

"ಎಂತ ಉಂಟು ಮಾಮ ಇದರಲ್ಲಿ? ಚಿನ್ನವಾ?"

"ಊರು ಉಂಟು ಮಾರಾಯ. ನೇಪಲ್ಸ್ ಉಂಟು, ಮಾರ್ಸೇಲ್ಸ್ ಉಂಟು. ಮೆಲ್ಲ ಕುಳಿತುಕೋ, ಒಡೆದುಹೋದೀತು."

ಗಾಜಿನ ಪ್ಲೇಟೊಂದನ್ನು ತೆಗೆದು ಬಿಸಿಲಿಗೆ ಹಿಡಿದರು. ನೆಗೆಟಿವ್, ಆಕಾಶ ಕಪ್ಪು, ಕಿಟಕಿಗಳು ಬಿಳಿ. ನನಗೆ ಏನೂ ತಿಳಿಯಲಿಲ್ಲ. ಅವರು ಬೆರಳಿಟ್ಟು ಹೇಳುತ್ತ ಹೋದರು: ಈ ಮನೆ ಹಣ್ಣಾದ ಪಪ್ಪಾಯಿಯ ಒಳಗಿನ ಬಣ್ಣ, ಅದರ ಬಾಗಿಲು ಬಸಳೆ ಹಣ್ಣಿನದು, ಆ ದೋಣಿ ಬಂಗುಡೆಯ ಬೆನ್ನಿನ ಹಾಗೆ. ಊರಿಗೆ ಹೋಗಿ ಕಾಗದದ ಮೇಲೆ ಅಚ್ಚು ತೆಗೆದು, ಒಂದೊಂದಕ್ಕೂ ಕುಂಚದಿಂದ ಅದದೇ ಬಣ್ಣ ಹಚ್ಚುವುದು ಅವರ ಯೋಚನೆ. ಸ್ಟುಡಿಯೋದ ಗೋಡೆಯ ತುಂಬ ಬಂದರುಗಳು. ಆಯುಷ್ಯದಲ್ಲಿ ಮಾಡಿದ ಕೆಲಸವೆಂದರೆ ಇದೊಂದೇ, ಉಳಿದದ್ದೆಲ್ಲ ಮದುವೆಯವರ ಮೂತಿ ಎಂದು ನಕ್ಕರು.

ಮಂಗಳೂರಿನಲ್ಲಿ ಸ್ಟೀಮರು ದಡಕ್ಕೆ ಬರುವುದಿಲ್ಲ. ಹೊರಗೆ ಕಡಲಲ್ಲೇ ಲಂಗರು ಹಾಕುತ್ತದೆ. ಜನ, ಸಾಮಾನು ಎಲ್ಲ ದೋಣಿಗಿಳಿದು, ಹೊಳೆ ಕಡಲನ್ನು ಸೇರುವ ಅಳಿವೆಬಾಗಿಲು ದಾಟಿ ಬಂದರಿಗೆ ಬರಬೇಕು. ಆ ಬೆಳಗ್ಗೆ ಆಕಾಶ ತಿಳಿಯಾಗಿಯೇ ಇತ್ತು, ಆದರೆ ಅಲೆಗಳಿಗೆ ಮಳೆಗಾಲದ ಸುದ್ದಿ ಮುಟ್ಟಿತ್ತು. ಹಿಂದುಗಡೆ ಚುಕ್ಕಾಣಿ ಹಿಡಿದಿದ್ದ ಮುದುಕ ತಂಡೇಲ, ಅಳಿವೆಯ ಹೊರಗೆ ದೋಣಿ ತಡೆದು ಅಲೆಗಳನ್ನೇ ನೋಡುತ್ತಿದ್ದ. ದಾರಿ ಕಂಡಿತೆಂದು ತೋರಿದಾಗ, "ಮಾತೆರ್ಲಾ ಕುಳ್ಳುಲೆ" ಎಂದ. ಎಲ್ಲರೂ ದೋಣಿಯ ತಳಕ್ಕೆ ಕುಳಿತರು. ಅಳಿವೆ ದಾಟುವವರೆಗೆ ಯಾರೂ ಏಳಬಾರದು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ತಂಡೇಲನ ಹತ್ತಿರವೇ ಕುಳಿತಿದ್ದ ಮಾಮನಿಗೂ ಗೊತ್ತಿತ್ತು. ಆದರೆ ತಿಂಗಳುಗಟ್ಟಲೆ ಅವರು ದೊಡ್ಡ ಹಡಗಿನ ಕಂಬಿಗೆ ಒರಗಿ ನಿಂತು, ಪ್ರತಿ ಬಂದರನ್ನೂ ಕಡಲ ಕಡೆಯಿಂದ ಬರುತ್ತಲೇ ತೆಗೆದಿದ್ದರು. ಕ್ಯಾಮೆರಾದಲ್ಲಿ ಒಂದು ಪ್ಲೇಟು ಉಳಿದಿತ್ತು. ಎದುರಿಗೆ ನಮ್ಮ ಊರು: ಕೆಂಪು ಹೆಂಚಿನ ಮಾಡುಗಳು, ತೆಂಗು, ಕಾರ್ಖಾನೆಯ ಹೊಗೆ...

"ಇಷ್ಟು ಊರು ತೆಗೆದು ನಮ್ಮದೊಂದು ಬಿಟ್ಟರೆ ಹೇಗೆ" ಎನ್ನುತ್ತಲೇ ಎದ್ದು, ಕ್ಯಾಮೆರಾದ ಸ್ಟ್ಯಾಂಡನ್ನು ಹಲಗೆಗೆ ಊರಿ, ಕರಿಬಟ್ಟೆಯೊಳಗೆ ತಲೆ ಹಾಕಿದರು.

"ಓ ಧಣಿ, ಕುಳ್ಳುಲೆ. ಇದು ದೊರೆಗಳ ಹಡಗಲ್ಲ" ಎಂದು ತಂಡೇಲ ಗದರಿದ.

"ಒಂದು ನಿಮಿಷ ಮಾರಾಯ" ಎಂದು ಬಟ್ಟೆಯೊಳಗಿಂದ ದನಿ ಬಂತು.

ಅಲೆ ಹಿಂದಿನಿಂದ ಬಂತು. ನಾನು ಕಡಲಿಗೆ ಮುಖಮಾಡಿ ಕುಳಿತಿದ್ದುದರಿಂದ ಅದು ಏಳುವುದನ್ನು ಪೂರ್ತಿ ಕಂಡೆ. ದೋಣಿಯ ಹಿಂಭಾಗ ಮೇಲೆದ್ದಿತು. ಕ್ಯಾಮೆರಾ ನೀರಿಗೆ ಹೋಯಿತು. ಮಾಮ ಅಂಚಿನ ಮೇಲೆ ಬಿದ್ದರು, ಅರ್ಧ ದೇಹ ಹೊರಗೆ. ತಂಡೇಲ ಚುಕ್ಕಾಣಿ ಬಿಟ್ಟು ಅವರ ಕೋಟು ಹಿಡಿದ. ಬಿಟ್ಟದ್ದೇ ತಡ, ದೋಣಿ ಅಡ್ಡ ತಿರುಗಿತು; ಇನ್ನೊಂದು ಅಲೆ ಒಳಗೇ ಬಂತು. ಕುಳಿತವರ ಎದೆಯವರೆಗೆ ನೀರು. ಇಷ್ಟು ಭಾಗ ನನ್ನ ತಲೆಯಲ್ಲಿ ಇಂದಿಗೂ ಕ್ರಮ ತಪ್ಪದೆ ನಡೆಯುತ್ತದೆ. ಅಲೆ ಏಳುತ್ತದೆ, ಕರಿಬಟ್ಟೆ ಅಲುಗುವುದಿಲ್ಲ. ಅಲೆ ಏಳುತ್ತದೆ...

"ಭಾರ ಬಿಸಾಡಿ" ಎಂದು ಹುಟ್ಟು ಹಾಕುವವರು ಕೂಗಿದರು. ಟ್ರಂಕುಗಳು ಹೋದವು, ಯಾರದೋ ಮೂಟೆಗಳು ಹೋದವು. ಗಾಜಿನ ಪೆಟ್ಟಿಗೆ ಎಲ್ಲಕ್ಕಿಂತ ಭಾರ. ಅದು ನನ್ನ ಮೊಣಕಾಲಿಗೆ ಒತ್ತಿಕೊಂಡಿತ್ತು. ನಾನು ಮಾಮನ ಮುಖ ನೋಡಿದೆ. ಅವರು ಬಾಯೊಳಗಿನ ನೀರು ಉಗುಳಿ, ಬಹಳ ಮೆಲ್ಲನೆ, "ಎಂತ ನೋಡ್ತೀ? ಆ ಬದಿ ಹಿಡಿ" ಎಂದರು. ಈ ಬದಿ ಅವರೇ ಹಿಡಿದರು. ಇಬ್ಬರೂ ಎತ್ತಿ ಹಾಕಿದೆವು. ಅದು ತೇಲಲೇ ಇಲ್ಲ.

ದೋಣಿ ಹಗುರಾಯಿತು, ತಂಡೇಲ ಮತ್ತೆ ಚುಕ್ಕಾಣಿಗೆ ಹೋದ, ನಾವು ಒಳಗೆ ಬಂದೆವು. ಯಾರೂ ಸಾಯಲಿಲ್ಲ. ದಡ ಮುಟ್ಟಿದಾಗ ತಂಡೇಲ ಮಾಮನಿಗೆ ಕೈಕೊಟ್ಟು ಇಳಿಸುತ್ತ, "ಫೋಟೋ ಸಿಕ್ಕಿತಾ ಧಣಿ?" ಎಂದ.

ಯುದ್ಧ ಬಂದಮೇಲೆ ಆ ಬಂದರುಗಳ ಮೇಲೆ ಬಾಂಬು ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬರತೊಡಗಿತು. ಮಾಮ ನಮ್ಮ ಜಗಲಿಯಲ್ಲಿ ಕುಳಿತು ನನ್ನಿಂದ ಓದಿಸಿ ಕೇಳುತ್ತಿದ್ದರು. ಒಮ್ಮೆ, "ಆ ಬೀದಿ ಈಗ ಅಲ್ಲಿಯೂ ಇಲ್ಲ, ನನ್ನಲ್ಲಿಯೂ ಇಲ್ಲ" ಎಂದರು. ಆಮೇಲೆ ಸ್ಟುಡಿಯೋದಲ್ಲಿ ಜನರ ಹಿಂದೆ ತೂಗುಹಾಕುವ ಪರದೆಯ ಮೇಲೆ ಒಂದು ಬಂದರನ್ನು ಬರೆಯಲು ಹಿಡಿದರು. ಮನೆಗಳು, ಮೆಟ್ಟಿಲುಗಳು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ. ಜೆಪ್ಪುವಿನಿಂದ, ಕುದ್ರೋಳಿಯಿಂದ ಮದುಮಕ್ಕಳು ಬಂದು ಅದರ ಮುಂದೆ ನಿಂತರು. ಪರದೆಯ ಕೆಳಭಾಗ ಮಾತ್ರ ಬರಿಯ ಬಟ್ಟೆಯಾಗಿಯೇ ಉಳಿಯಿತು.

"ಕಡಲು ಯಾವಾಗ ಮಾಮ?"

"ಅದು ನನ್ನ ಕೈಯಲ್ಲಿ ಆಗುದಿಲ್ಲ. ಅಲ್ಲಿ ಜನ ನಿಲ್ತಾರಲ್ಲ, ಸಾಕು."

ಯುದ್ಧ ಮುಗಿದ ವರ್ಷ ಮಾಮ ಹೋದರು. ಪರದೆಯನ್ನು ಗೆದ್ದಲು ತಿಂದಿತು. ಸ್ಟುಡಿಯೋ ಇದ್ದ ಕೋಣೆಯಲ್ಲಿ ಈಗ ಬೀಡಿ ಕಟ್ಟುತ್ತಾರೆ. ಅವರು ತೆಗೆದದ್ದರಲ್ಲಿ ನನ್ನ ಬಳಿ ಉಳಿದಿರುವುದು ನನ್ನ ಮದುವೆಯ ಫೋಟೋ ಒಂದೇ. ಹಿಂದೆ, ಎಲ್ಲಿಯೂ ಇಲ್ಲದ ಒಂದು ಊರು. ಮುಂದೆ, ನೀರಿರಬೇಕಾದ ಜಾಗದಲ್ಲಿ, ಒದ್ದೆಯಾಗದೆ ನಿಂತ ನಾವಿಬ್ಬರು.