ತೊಲೆಯ ಕೆಳಗಿನ ಮಲ್ಲಗಂಬ

ಹುಕ್ಕೇರಿಯ ಮಲ್ಲಗಂಬದ ಸತ್ತೆಪ್ಪನ ಬಗ್ಗೆ ಈಚೆಗೆ ಸಭೆಗಳಲ್ಲಿ ಆಡುತ್ತಿರುವ ಮಾತುಗಳಲ್ಲಿ ಮೂರು ಶುದ್ಧ ಸುಳ್ಳುಗಳಿವೆ. ಆತ ಕೊಲ್ಲಾಪುರದಲ್ಲಿ ಕಲಿತವನಲ್ಲ. ಹುಕ್ಕೇರಿಯ ಗರಡಿಯಲ್ಲೇ, ಸುಭಾನಸಾಬ ಉಸ್ತಾದರ ಕೈಯಲ್ಲಿ ಕಲಿತವನು. ಆತನಿಗೆ ತಾಯತದ ಬಲವಿರಲಿಲ್ಲ. ಕಂಬ ಏರುವಾಗ ಕೊರಳಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಬಿಗಿದುಕೊಳ್ಳುತ್ತಿದ್ದ, ದೂರದಿಂದ ಕಂಡವರು ಅದನ್ನೇ ತಾಯತವೆಂದು ಸಾರಿದರು. ಇನ್ನು ಕಂಬದಿಂದ ಬಿದ್ದು ಸತ್ತನೆಂಬುದಂತೂ ಅನ್ಯಾಯದ ಮಾತು. ಆತ ತೀರಿಕೊಂಡದ್ದು 1946ರಲ್ಲಿ, ಜ್ವರದಿಂದ, ತನ್ನ ಹಾಸಿಗೆಯಲ್ಲಿ. ಆತನ ಮನೆಯ ಬಾಗಿಲಿಗೆ ಹೋಗಿ ಒಂದು ಮಾತು ಕೇಳಿದ್ದರೆ ಇಷ್ಟೂ ತಿಳಿಯುತ್ತಿತ್ತು. ಯಾರೂ ಹೋಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೂ ಕೇಳಿದವರು ಬೆರಗಾಗುವಂಥ ಬದುಕಿಗೆ ಬಣ್ಣ ಬಳಿಯುವ ಅಗತ್ಯವೇನಿತ್ತೋ!

ಸತ್ತೆಪ್ಪ ಹುಟ್ಟಿದ್ದು 1904ರಲ್ಲಿ, ದಡ್ಡಿ ಗ್ರಾಮದ ಒಕ್ಕಲು ಮನೆತನದಲ್ಲಿ. ಎಳೆತನದಲ್ಲೇ ತಂದೆ ತೀರಿಹೋದದ್ದರಿಂದ ತಾಯಿ ಬಾಳವ್ವ ಮಗನನ್ನು ಕರೆದುಕೊಂಡು ಹುಕ್ಕೇರಿಯ ತವರುಮನೆಗೆ ಬಂದು ನಿಂತಳು. ಅಲ್ಲಿಯ ಗರಡಿಯಲ್ಲಿ ಕೆಂಪುಮಣ್ಣಿನ ನಡುವೆ ಒಂದು ಸಾಗವಾನಿ ಕಂಬ: ಬುಡ ದಪ್ಪ, ಮೇಲಕ್ಕೆ ಹೋದಂತೆ ಸಪೂರ, ನೆತ್ತಿಯಲ್ಲಿ ಒಂದು ಗುಂಡು, ಮೈಗೆಲ್ಲ ಔಡಲೆಣ್ಣೆ. ಆ ಜಾರುವ ಕಂಬವನ್ನು ತೊಡೆಯಲ್ಲಿ, ಕಂಕುಳಲ್ಲಿ, ಕೆಲವೊಮ್ಮೆ ಕಾಲಿನ ಎರಡು ಬೆರಳುಗಳ ಸಂದಿಯಲ್ಲಿ ಹಿಡಿದು ಮೈಯನ್ನು ಗಾಳಿಯಲ್ಲಿ ಚಾಚುವುದೇ ಮಲ್ಲಗಂಬದ ವಿದ್ಯೆ. 1922ರಿಂದ ನಾಲ್ಕು ವರ್ಷ ಗೋಕಾಕದ ಪಂದ್ಯದಲ್ಲಿ ಗೆದ್ದವನಿಗೆ ಸುತ್ತುವ ಮೊದಲ ರುಮಾಲು ಸತ್ತೆಪ್ಪನನ್ನು ಬಿಟ್ಟು ಬೇರೆಯವರ ತಲೆಗೆ ಏರಲಿಲ್ಲ. ಆದರೂ ಉಸ್ತಾದರಿಗೆ ತೃಪ್ತಿಯಿಲ್ಲ.

"ಕಾಲು ಮುಗಲಿಗೆ ಮಾಡಿದಾಗ ಬೆರಳು ಸೂಜಿಯಂಗ ಕೂಡಿರಬೇಕಲೇ. ನಿನ್ನ ಎಡಗಾಲು ನೋಡು, ಕೋಳಿ ಕಾಲು!" ಎಂದು ಪ್ರತಿದಿನ ಬೈಯುತ್ತಿದ್ದರು.

1926ರಲ್ಲಿ ಬಾಳವ್ವ ಹಟ ಹಿಡಿದು ಮಗನ ಮದುವೆ ಮಾಡಿದಳು. ಹೆಣ್ಣು ತುಕ್ಕಾನಟ್ಟಿಯ ಪಾರವ್ವ. ಅರಿಷಿಣ ಆರುವ ಮೊದಲೇ ಸತ್ತೆಪ್ಪ ಗರಡಿಗೆ ಹೋದರೆ, ಸುಭಾನಸಾಬರು ಬಾಗಿಲಿಗೆ ಅಡ್ಡ ನಿಂತರು. ತಾವೂ ಮದುವೆಯಾಗದೆ ಉಳಿದಿದ್ದ ಮನುಷ್ಯ.

"ಬಾಸಿಂಗ ಕಟ್ಟಿದ ಹಣಿ ಈ ಕಂಬಕ್ಕ ತಾಗಬಾರದು. ನಮ್ಮ ಉಸ್ತಾದರ ಕೈಮ್ಯಾಲ ಕೈ ಇಟ್ಟು ಮಾತ ಕೊಟ್ಟೇನಿ. ಹೋಗಪಾ, ಸಂಸಾರ ಮಾಡು."

ಹೊಸ ಸೊಸೆ ಪಾರವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ಗಂಡನ ಹೆಸರನ್ನು ಆಕೆ ತವರಿನಲ್ಲೇ ಕೇಳಿದ್ದಳು. ಆದರೆ ಗರಡಿಗೆ ಹೆಂಗಸರು ಕಾಲಿಡುವಂತಿರಲಿಲ್ಲವಾಗಿ ಆತ ಕಂಬ ಏರಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಆಕೆಗೆ ಕಂಡದ್ದು ಹೊಲದಿಂದ ಬರುವಾಗ ಗರಡಿಯ ಗೋಡೆಯ ಹೊರಗೆ ನಿಂತು ಒಳಗಿನ ಸಪ್ಪಳ ಕೇಳಿ, ಸುಮ್ಮನೆ ಮನೆಗೆ ಬರುವ ಒಬ್ಬ ಗಂಡಸು. ಮತ್ತೊಮ್ಮೆ ಆ ಮಣ್ಣು ತುಳಿಯಬೇಕೆಂಬುದನ್ನು ಬಿಟ್ಟರೆ ಆತನಿಗೆ ಬೇರೆ ಆಸೆಯೇ ಇರಲಿಲ್ಲ.

ಒಂದು ಮುಂಜಾನೆ ಒಲೆ ಹೊತ್ತಿಸುತ್ತಿದ್ದ ಪಾರವ್ವ ತಿರುಗಿ ನೋಡಿದಳು. ಪಡಸಾಲೆಯ ನಡುಗಂಬವನ್ನು ಗಂಡ ಅಪ್ಪಿಕೊಂಡಿದ್ದ. ನೋಡನೋಡುತ್ತಿದ್ದಂತೆ ತಲೆ ಕೆಳಗಾಯಿತು, ಕಾಲು ಮೇಲಾಯಿತು. ಕೈಬಿಟ್ಟ. ಇಡೀ ದೇಹ ಒಂದು ತೊಡೆಯ ಹಿಡಿತದಲ್ಲಿ ಗೋಡೆಗೆ ಹೊಡೆದ ಗೂಟದಂತೆ ಅಡ್ಡಲಾಗಿ ನಿಂತಿತು. ಪಾರವ್ವನ ಕೈಯ ಊದುಗೊಳವೆ ನೆಲಕ್ಕೆ ಬಿತ್ತು. ಆ ಸಪ್ಪಳಕ್ಕೆ ಬಾಳವ್ವ ಎದ್ದುಬಂದಳು.

"ಏ ಮೂಳಾ, ಹಂದರದ ದಿನ ಪೂಜಿ ಮಾಡಿದ ಕಂಬಕ್ಕ ಕಾಲ ಹಚ್ಚತೀಯೇನೋ!"

"ಕಾಲು ತೊಳಕೊಂಡ ಹತ್ತೇನವ್ವಾ."

"ಎಣ್ಣಿ?"

"ಅದೂ ಹಚ್ಚೇನಿ."

ಬಾಳವ್ವ ತಲೆ ಚಚ್ಚಿಕೊಂಡಳು. ಆದರೆ ತಾನು ಹಟದಿಂದ ಮಾಡಿದ ಮದುವೆಯೇ ಮಗನ ಗರಡಿಯನ್ನು ಕಸಿದದ್ದೆಂದು ಆಕೆಗೂ ಗೊತ್ತಿತ್ತು. ಅಂದಿನಿಂದ ಕಂಬಕ್ಕೆ ಮೊದಲು ವಿಭೂತಿ, ಆಮೇಲೆ ಔಡಲೆಣ್ಣೆ. ಒರಗಿ ಕೂತವರ ಅಂಗಿಯೆಲ್ಲ ಜಿಡ್ಡು. ತುಕ್ಕಾನಟ್ಟಿಯಿಂದ ಬಂದ ಬೀಗರು ಊಟವಾದ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಕೂತವರು ಹಾಗೇ ಜಾರಿ ಅಂಗಾತ ಮಲಗಿದಾಗ, "ನಿಮ್ಮ ಮನ್ಯಾಗ ಕಂಬಾನೂ ಬೀಗರನ್ನ ನಿಲ್ಲಗೊಡೂದಿಲ್ಲೇನ್ರಿ?" ಎಂದು ಕೇಳಿದರು.

ಕೆಲವು ದಿನ ನೋಡಿದ ಪಾರವ್ವ ಒಮ್ಮೆ ತಡೆಯಲಾರದೆ ಹೇಳಿದಳು: "ಏನ್ರಿ, ನಿಮ್ಮ ಎಡಗಾಲ ಬೆರಳು ರೊಟ್ಟಿ ಬಡಿಯೋ ಕೈಯಂಗ ಅರಳತಾವ್ರಿ."

ಸತ್ತೆಪ್ಪ ತಲೆಕೆಳಗಾಗಿಯೇ ನಕ್ಕ. "ಉಸ್ತಾದರು ಕೋಳಿ ಕಾಲು ಅಂತಿದ್ರು. ನೀ ರೊಟ್ಟಿ ಅಂದಿ. ಅರಳಿದಾಗ ನನಗ ತಿಳಿಯೂದಿಲ್ಲ, ನೀ ಹೇಳು."

ಅಂದಿನಿಂದ ಬೆರಳು ಅರಳಿದಾಗೆಲ್ಲ ಒಲೆಯ ಮುಂದಿನಿಂದ ಊದುಗೊಳವೆ ನೆಲಕ್ಕೆ ಟಣ್ ಎನ್ನುತ್ತಿತ್ತು. ಮೊದಮೊದಲು ರೊಟ್ಟಿ ಬಡಿಯುವ ಸಪ್ಪಳಕ್ಕಿಂತ ಅದೇ ಹೆಚ್ಚು. ಎರಡನೆಯ ವರ್ಷಕ್ಕೆ ಅಪರೂಪವಾಯಿತು. ಮೂರನೆಯ ವರ್ಷ ನಿಂತೇಹೋಯಿತು.

ತಿದ್ದಲಾಗದ್ದು ಒಂದೇ ಒಂದು. ಗರಡಿಯ ಕಂಬದ ಮೇಲೆ ಆಕಾಶವಿರುತ್ತದೆ. ಮನೆಯ ಕಂಬದ ಮೇಲೆ ತೊಲೆ. ಮೊದಲ ವಾರದಲ್ಲೇ ಮೇಲೆ ಮಗುಚಿ ಬಂದಾಗ ಹಣೆ ತೊಲೆಗೆ ಬಡಿದು ಗುಳ್ಳೆ ಎದ್ದಿತ್ತು. ಆಮೇಲೆ ಆ ಎತ್ತರಕ್ಕೆ ಬಂದೊಡನೆ ತಲೆ ತಾನಾಗಿಯೇ ಬಾಗುತ್ತಿತ್ತು.

"ಕಂಬದ ನೆತ್ತಿ ಮ್ಯಾಲ ನಿಂತವನ ಖರೆ ಮಲ್ಲ. ಇಲ್ಲಿ ನಿಲ್ಲಾಕ ಜಾಗಾನ ಇಲ್ಲ," ಎಂದು ಸತ್ತೆಪ್ಪ ಕೊರಗುತ್ತಿದ್ದ.

"ಮಾಳಗಿ ಒಡಸೂಣೇನ್ರಿ?" ಎನ್ನುತ್ತಿದ್ದಳು ಪಾರವ್ವ.

1929ರ ಯುಗಾದಿಯ ಮರುದಿನ ಇಬ್ಬರೂ ಬಂಡಿ ಕಟ್ಟಿಕೊಂಡು ಗೋಕಾಕದ ಪಂದ್ಯಕ್ಕೆ ಹೋದರು. ಬಯಲಿನಲ್ಲಿ ಕಂಬ ನೆಟ್ಟಿತ್ತು. ಹೆಂಗಸರು ದೂರದಲ್ಲಿ ಬಂಡಿಗಳ ಮೇಲೆ ನಿಂತು ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಲ್ಲಿಯ ಪದ್ಧತಿ ಹೀಗೆ: ಉಸ್ತಾದನಾದವನು ಮೊದಲು ಕಂಬ ಮುಟ್ಟಿ ಶಿಷ್ಯನ ಹೆಸರು ಹೇಳಬೇಕು, ಆಮೇಲೆ ಶಿಷ್ಯ ಏರಬೇಕು. ಪಂದ್ಯ ನಡೆಸುತ್ತಿದ್ದ ರಾಚಪ್ಪ ಕೂಗಿದ: "ಸತ್ತೆಪ್ಪಾ, ನಿನ್ನ ಹೆಸರು ಯಾರು ಹೇಳತಾರ?"

ಯಾರೂ ಏಳಲಿಲ್ಲ. ಎಲ್ಲರ ಕಣ್ಣು ಪಂಚರ ಸಾಲಿನಲ್ಲಿ ಕೂತಿದ್ದ ಸುಭಾನಸಾಬರ ಮೇಲೆ ಹೋಯಿತು. ಅವರು ಮೀಸೆಯನ್ನೂ ಅಲುಗಿಸದೆ ಹೇಳಿದರು: "ಏರಾಂವ ಏರಲಿ. ಬಿದ್ರ ನನ್ನ ಹೆಸರು ಹೇಳಬ್ಯಾಡ್ರಿ. ಏರಿದ್ರೂ ಹೇಳಬ್ಯಾಡ್ರಿ."

ಸತ್ತೆಪ್ಪ ಕಂಬಕ್ಕೆ ಕೈಮುಗಿದು ಜಿಗಿದ. ಬಂಡಿಯ ಮೇಲಿದ್ದ ಪಾರವ್ವನಿಗೆ ಪ್ರತಿಯೊಂದು ಪಟ್ಟೂ ಬಾಯಿಪಾಠ. ಆದರೂ ಬಯಲಿನ ಬೆಳಕಿನಲ್ಲಿ ಅದು ಬೇರೆಯೇ ಆಗಿ ಕಂಡಿತು. ಒಲೆಯ ಹೊಗೆಯಲ್ಲಿ ಅರೆಬರೆ ಕಾಣುತ್ತಿದ್ದ ದೇಹ ಇಲ್ಲಿ ಎಣ್ಣೆಯ ಹೊಳಪಿನಲ್ಲಿ ಕಂಬದ ಸುತ್ತ ನೀರಿನಂತೆ ಹರಿಯಿತು. ತಲೆಕೆಳಗಾಗಿ ಮಗುಚುತ್ತ ಮಗುಚುತ್ತ ಮೇಲೇರುವ ದಸರಂಗಕ್ಕೆ ಬಂದಾಗ ಕುಡಿಯಲು ತಂದ ನೀರನ್ನು ಜನ ಕೈಯಲ್ಲೇ ಹಿಡಿದು ಮರೆತರು. ನೆತ್ತಿ ಹತ್ತಿರವಾಯಿತು. ಮೂರು ವರ್ಷದಿಂದ ಆತ ಅಲ್ಲಿಂದ ಮೇಲೆ ಹೋಗಿರಲಿಲ್ಲ.

ಮಗುಚಿ ಮೇಲೆ ಬಂದ ಸತ್ತೆಪ್ಪ, ಮೇಲೆ ಏನೂ ಇಲ್ಲದ ಕಡೆ, ತಲೆ ಬಾಗಿಸಿದ.

ಜನ ಉದ್ಗರಿಸಿದರು. ಕಂಬದ ತುದಿಯಿಂದ ಗುರುವಿಗೆ ಸಲಾಂ ಮಾಡಿದನೆಂದುಕೊಂಡರು. ಸುಭಾನಸಾಬರು ಕೂತಿದ್ದದ್ದು ಅದೇ ದಿಕ್ಕಿಗೆ. ಪಾರವ್ವನಿಗೆ ಮಾತ್ರ ತೊಲೆ ಕಂಡಿತು. ಬಾಗಿದ ತಲೆ ಕ್ಷಣಹೊತ್ತು ಹಾಗೇ ಉಳಿಯಿತು. ಆಮೇಲೆ, ಮೇಲಿರುವುದು ಬಯಲೆಂದು ಈಗಷ್ಟೇ ಅರಿತವನಂತೆ, ಸತ್ತೆಪ್ಪ ನಿಧಾನವಾಗಿ ಕತ್ತೆತ್ತಿದ. ಅಂಗೈಯಗಲದ ಗುಂಡಿನ ಮೇಲೆ ಪಾದವಿಟ್ಟ. ನೆಟ್ಟಗೆ ನಿಂತ. ಎಡಗಾಲನ್ನು ಹಿಂದಕ್ಕೆ ಚಾಚಿದ.

ಆ ವರ್ಷದ ರುಮಾಲು ಸತ್ತೆಪ್ಪನಿಗೆ ಸಿಕ್ಕಿತೆನ್ನುವುದು ತಪ್ಪು. ಹೆಸರು ಹೇಳುವ ಉಸ್ತಾದನಿಲ್ಲದವನಿಗೆ ರುಮಾಲು ಕಟ್ಟುವಂತಿರಲಿಲ್ಲ, ಕಟ್ಟಲಿಲ್ಲ.

ಮರುದಿನ ಮುಂಜಾನೆ ಸುಭಾನಸಾಬರು ಮನೆಗೆ ಬಂದರು. ಪಾರವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಸತ್ತೆಪ್ಪ ಪಾದ ಮುಟ್ಟಿ ಮೊದಲು ನಿಜ ಹೇಳಿದ: "ಉಸ್ತಾದ, ನಿನ್ನೆ ನಾ ಮಾಡಿದ್ದು ಸಲಾಂ ಅಲ್ರಿ. ತೊಲಿ ಐತಿ ಅಂತ ಅಂಜಿದ್ನಿ."

"ತಲಿ ಯಾರು ನೋಡ್ಯಾರಲೇ? ನಾ ಬೆರಳು ನೋಡಾಕತ್ತಿದ್ನಿ. ಎಡಗಾಲು ಯಾರು ತಿದ್ದಿದ್ರು?"

ಸತ್ತೆಪ್ಪ ಒಲೆಯ ಕಡೆ ಕೈ ತೋರಿದ. ಉಸ್ತಾದರು ನಡುಗಂಬವನ್ನು ಸವರಿದರು. "ಹತ್ತು ವರ್ಷ ಒದರಿದ್ನಿ, ನನ್ನ ಕೈಲಿ ಆಗಲಿಲ್ಲ," ಎಂದರು. "ಕೊಟ್ಟ ಮಾತು ಮುರಿಯಂಗಿಲ್ಲ. ನನ್ನ ಕಂಬ ನೀ ಮುಟ್ಟಬ್ಯಾಡ. ಆದ್ರ ಈ ಕಂಬದ ಬಗ್ಗೆ ನಾ ಯಾರಿಗೂ ಮಾತ ಕೊಟ್ಟಿಲ್ಲ. ನಾಳಿಂದ ಹುಡುಗರನ್ನ ಇಲ್ಲಿಗೆ ಕಳಸ್ತೇನಿ." ಬಾಗಿಲ ಕಡೆ ತಿರುಗಿ ಕೂಗಿದರು: "ತಂಗೀ, ಆ ಊದುಗೊಳವಿ ಕೈಬಿಡಬ್ಯಾಡವಾ!"

ಸತ್ತೆಪ್ಪ ಮತ್ತೆಂದೂ ಗರಡಿಯ ಮಣ್ಣು ತುಳಿಯಲಿಲ್ಲ. ಗರಡಿಯೇ ಆತನ ಪಡಸಾಲೆಗೆ ಬಂತು.

ಮುಂದಿನ ಯುಗಾದಿಗೆ ಗೋಕಾಕದ ಬಯಲಿನಲ್ಲಿ ಸುಭಾನಸಾಬರು ಹೆಸರು ಹೇಳಿದಂತೆಲ್ಲ ಹುಕ್ಕೇರಿಯ ಹುಡುಗರು ಒಬ್ಬರಾದ ಮೇಲೊಬ್ಬರು ಕಂಬ ಏರಿದರು. ತುದಿಗೆ ಬಂದೊಡನೆ ಒಬ್ಬೊಬ್ಬನೂ ತಲೆ ಬಾಗಿಸಿದ, ಆಮೇಲೆ ಕತ್ತೆತ್ತಿ ನಿಂತ. ರಾಚಪ್ಪ ಬೆರಗಾಗಿ, "ಇದ್ಯಾವ ಹೊಸಾ ಸಲಾಮ್ರಿ?" ಎಂದ.

ಸುಭಾನಸಾಬರು ಮತ್ತೊಮ್ಮೆ ಎದ್ದು ಹೋಗಿ ಕಂಬ ಮುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವ್ರು ನಮ್ಮ ಸತ್ತೆಪ್ಪನ ಹುಡುಗರು."

ದೂರದ ಬಂಡಿಯ ಮೇಲೆ ಪಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಣ್ಣು ಮಾತ್ರ ಹುಡುಗರ ಎಡಗಾಲಿನ ಮೇಲಿತ್ತು.