ಚೆಕಿಂಗ್ ಅಕ್ಕ ತಂದ ಫ್ರಾಕು

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಕೈಗೆಲ್ಲ ಸೊಗಡು ಹತ್ತಿತ್ತು. ಫೋನು ಬಂತು, ಒದ್ದೆ ಕೈಯಲ್ಲೇ ಎತ್ತಿಕೊಂಡೆ. ನಾಗಸಂದ್ರದ ಹಳೆಯ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರಮ್ಮ.

"ಅಕ್ಕಾ, ಚೆಕಿಂಗ್ ಅಕ್ಕ ಹೋಗ್ಬಿಟ್ರಂತೆ ಕಣ್ರೀ. ನಿನ್ನೆ ಮಣ್ಣೂ ಆಯ್ತಂತೆ."

ಆ ವಠಾರದಲ್ಲಿ ಅವರೆಕಾಯಿ ಕಾಲ ಬಂದರೆ ನಾವು ಮೂವರೂ ಒಂದೇ ಮೊರದ ಸುತ್ತ ಕೂರುತ್ತಿದ್ದೆವು. ನಾವಿಬ್ಬರೂ ಬಿಡಿಸಿ ಹಾಕಿದ ಕಾಳನ್ನು ಅಕ್ಕ ಮತ್ತೆ ಎತ್ತಿ, ಹುಳ ಇದೆಯೇ ಎಂದು ಬೆಳಕಿಗೆ ಹಿಡಿಯುತ್ತಿದ್ದರು…

ಆಕೆ ಮಧುಗಿರಿ ಕಡೆಯವರು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಬಟ್ಟೆಯನ್ನು ಮೊದಲು ಒಳಮಗ್ಗುಲು ತಿರುವಿ ನೋಡುವುದು, ತಪ್ಪಿದ್ದ ಕಡೆ ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಒಮ್ಮೆ ನನ್ನ ಹೊಸ ರವಿಕೆಯ ಕಂಕುಳಿಗೂ ಒಂದು ಬಾಣ ಅಂಟಿಸಿ ಎಲ್ಲರನ್ನೂ ನಗಿಸಿದ್ದರು.

ಚೆಕ್ ಅನ್ನುವ ಆ ಒಂದು ಮಾತು ನಮ್ಮ ವಠಾರದಲ್ಲಿ ಎಷ್ಟು ಕಡೆ ದುಡಿಯುತ್ತಿತ್ತು! ಬಸುರಿಯರು ಚೆಕಪ್ಪಿಗೆ ಹೋಗುತ್ತಿದ್ದರು. ಗಂಡಸರು ಚೆಕ್ಸ್ ಶರ್ಟು ತೊಡುತ್ತಿದ್ದರು. ಚೆಕ್ಕು ಬೌನ್ಸ್ ಆಯಿತೆಂದು ಓನರು ಫೋನಿನಲ್ಲಿ ಕೂಗಾಡುತ್ತಿದ್ದರು. ಬಸ್ಸಿಗೆ ಚೆಕಿಂಗಿನವರು ಹತ್ತಿದರೆ ಟಿಕೆಟ್ ಇದ್ದವರ ಎದೆಯೂ ಡವಗುಟ್ಟುತ್ತಿತ್ತು. ಅಕ್ಕನ ಪಾಲಿಗೆ ಮಾತ್ರ ಅದು ಹಗಲಿಗೊಂದು, ಸಂಜೆಗೊಂದು. ಕೆಲಸ ಬಿಟ್ಟು ಹೊರಗೆ ಬರುವಾಗ ಗೇಟಿನಲ್ಲಿ ಹೆಂಗಸರ ಚೀಲ, ಊಟದ ಡಬ್ಬಿ, ಸೆರಗು ಎಲ್ಲ ತಡವಿ ನೋಡುತ್ತಿದ್ದರಂತೆ.

"ಬೆಳಗಿಂದ ನಾನು ಬಟ್ಟೆ ಚೆಕ್ ಮಾಡ್ತೀನಿ, ಸಾಯಂಕಾಲ ನನ್ನನ್ನೇ ಬಟ್ಟೆ ತರ ತಿರುವಾಕ್ತಾರೆ ಕಣಮ್ಮಾ" ಎಂದು ನಗುತ್ತಿದ್ದರು.

ಅನುಮಾನ ಆಕೆಗೆ ಅಭ್ಯಾಸವಾಗಿ ಹೋಗಿತ್ತು. ಹಾಲಿನವನನ್ನು ನಂಬುತ್ತಿರಲಿಲ್ಲ, ಗ್ಯಾಸಿನವನನ್ನು ನಂಬುತ್ತಿರಲಿಲ್ಲ. ಅದು ಬರಬರುತ್ತಾ ನಮಗೂ ಅಂಟಿತು.

ನನ್ನ ಮಗಳ ಮುಡಿಯನ್ನು ಮನೆದೇವರಿಗೆ ಕೊಡುವುದಿತ್ತು. ಅದರ ಹಿಂದಿನ ವಾರ ಅಕ್ಕ ಒಂದು ಫ್ರಾಕು ತಂದರು. ನೀಲಿ ಬಿಳಿ ಚೆಕ್ಸು, ಹತ್ತಿಯದು, ಕೈಗೆ ಬೆಣ್ಣೆಯ ಹಾಗೆ. "ಡಿಫೆಕ್ಟ್ ಪೀಸು, ನಮಗೇ ಕೊಟ್ರು" ಎಂದರು. ಅವರು ಹೋದ ಮೇಲೆ, ಅವರಿಂದಲೇ ಕಲಿತಂತೆ ಒಳಮಗ್ಗುಲು ತಿರುವಿ ನೋಡಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಮನಸ್ಸು ಕಸಿವಿಸಿಯಾಯಿತು. ಮಾರನೆಯ ಸಂಜೆ ಫ್ರಾಕು ಹಿಡಿದು ಹೋದೆ.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ದೇವ್ರ ಮುಂದೆ ಉಡಿಸೋದು… ಇದು ಕೇಳಿ ತಂದಿದ್ದೇ ತಾನೇ?"

ಅಕ್ಕ ನನ್ನ ಮುಖವನ್ನೇ ನೋಡಿದರು. "ಗೇಟಲ್ಲಿ ಕೇಳಾದು ಅವರ ಕೆಲ್ಸ. ನಿಂಗೇನಮ್ಮಾ ಬಂತು?" ಎಂದವರು, ಸ್ವಲ್ಪ ಹೊತ್ತಿಗೆ ತಾವೇ ತಣ್ಣಗಾದರು. "ಓಗ್ಲಿ ಬಿಡು, ನಾನಾಗಿದ್ರೂ ಕೇಳ್ತಿದ್ದೆ. ಸೂಪರ್‌ವೈಸರ್ ಕೈಲಿ ಕೊಟ್ಟಿದ್ದೇ ಅಂತ ಚೀಟಿ ಬರೆಸ್ಕೊಂಡು ಬತ್ತೀನಿ. ಆಗ ಆಕ್ತೀಯಲ್ಲ?"

"ಹಾಕ್ತೀನಿ ಅಕ್ಕಾ."

ಬೆಳಿಗ್ಗೆ ಫ್ರಾಕು ಚೀಲಕ್ಕೆ ಹಾಕಿಕೊಂಡು ಹೋದರು. ಒಳಗೆ ಹೋಗುವಾಗ ಗೇಟಿನಲ್ಲಿ ಯಾರೂ ಚೀಲ ನೋಡುವುದಿಲ್ಲ. ಹೊರಗೆ ಬರುವಾಗ ಮಾತ್ರ. ಅಷ್ಟು ವರ್ಷ ಆ ಗೇಟು ದಾಟಿದವರಿಗೆ ಇದು ಹೊಳೆಯಲಿಲ್ಲವೋ, ಹೊಳೆದೂ ಹೋದರೋ… ಅಂದು ಸೂಪರ್‌ವೈಸರ್ ಬಂದಿರಲಿಲ್ಲ. ಚೀಟಿ ಆಗಲಿಲ್ಲ. ಸಂಜೆ ಚೀಲದಲ್ಲಿ ಫ್ರಾಕು ಸಿಕ್ಕಿತು. ಮನೆಯಿಂದ ತಂದಿದ್ದೆ ಎಂದರೆ ಯಾರು ನಂಬುತ್ತಾರೆ? ಕೆಲಸ ಅಲ್ಲೇ ಹೋಯಿತು.

ಅದೇ ಫ್ಯಾಕ್ಟರಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಟೈಲರಮ್ಮ ಬಂದು ಪಿಸುಗುಟ್ಟಿದಳು. "ಒಂದಲ್ಲ ಅಕ್ಕಾ, ಮೂರು ಪೀಸ್ ಸಿಕ್ತಂತೆ!"

"ನೀನು ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ಗೇಟಿನ ಸಾಲಲ್ಲಿ ಹಿಂದೆ ನಿಂತಿದ್ದೆ."

ನಾನು ಅಕ್ಕನ ಬಾಗಿಲಿಗೆ ಹೋದೆ. ಫ್ರಾಕು ನಮ್ಮ ಮನೆಯಲ್ಲೇ ಇತ್ತೆಂದು ಫ್ಯಾಕ್ಟರಿಗೆ ಬಂದು ಹೇಳುತ್ತೇನೆ ಎಂದೆ. ಆಕೆ ಅಕ್ಕಿ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಏನಂತ ಏಳ್ತೀಯ? ನಿಂಗೇ ನಂಬಿಕೆ ಇಲ್ವಲ್ಲ."

ಆ ತಿಂಗಳೇ ಮನೆ ಖಾಲಿ ಮಾಡಿದರು. ನಾವು ಮಗಳಿಗೆ ಹಳೆಯ ಲಂಗ ಉಡಿಸಿಯೇ ಮುಡಿ ಕೊಟ್ಟೆವು. ಮಗು ಅಳಲಿಲ್ಲ, ಜ್ವರ ಬರಲಿಲ್ಲ. ಅಷ್ಟು ದೇವರು ನಡೆಸಿಕೊಟ್ಟ.

"ಆಮೇಲೆ ಎಲ್ಲಿ ಕೆಲ್ಸ ಮಾಡ್ತಿದ್ರಂತೆ?" ಎಂದು ಫೋನಿನಲ್ಲಿ ಕೇಳಿದೆ.

"ದಾಸರಹಳ್ಳಿ ಕಡೆ, ಹೊಲಿದ ಬಟ್ಟೆ ದಾರ ಕತ್ತರಿಸೋಕೆ ಹೋಗ್ತಿದ್ರಂತೆ. ಚೆಕಿಂಗಿಗೆ ಯಾರೂ ತಗೊಳ್ಳಲಿಲ್ವಂತೆ."

"ಅವತ್ತು ಮೂರು ಪೀಸ್ ಅಂದ್ಯಲ್ಲ, ನಿಜಾನಾ?"

"ಹೋದೋರ ವಿಷಯ ಈಗ್ಯಾಕೆ ಬಿಡಿ ಅಕ್ಕಾ" ಎಂದು ಟೈಲರಮ್ಮ ಮಾತು ತೇಲಿಸಿದಳು. ಅಕ್ಕ ಕಳೆದುಕೊಂಡ ಆ ಚೆಕಿಂಗ್ ಕೆಲಸಕ್ಕೆ ಅದರ ಮುಂದಿನ ವಾರವೇ ಕೂತವಳು ಇವಳು. ಇದನ್ನು ಇಷ್ಟು ವರ್ಷ ನಾನು ಯಾರ ಮುಂದೆಯೂ ಆಡಿಲ್ಲ…

ಕೈ ತೊಳೆದು ದೇವರಿಗೆ ದೀಪ ಹಚ್ಚಿದೆ. ಅಕ್ಕನಿಗೆ ಒಳ್ಳೆಯ ಗತಿ ಕೊಡಪ್ಪಾ ಎಂದೆ. ಮೂರೋ ಒಂದೋ ಎಂದು ಅವನನ್ನು ಕೇಳಲಿಲ್ಲ. ಗೊತ್ತಾದರೂ ಇನ್ನು ಯಾರ ಬಾಗಿಲಿಗೆ ಹೋಗಿ ಹೇಳಲಿ?

ಹೊರಗೆ ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾಯಿತು. ಬಿಂದಿಗೆ ತೊಳೆದು ನೀರು ಹಿಡಿಯಲು ಹೋದೆ.